ಚೀಲ ಹೊರಟಿತು, ನಾನು ಹೊರಡಲಿಲ್ಲ

ನನಗೆ ಸಾಡೇಸಾತ್ ಶುರುವಾಗಿದೆ ಎಂದು ಮೊದಲು ಹೇಳಿದ್ದು ಅಮ್ಮನಲ್ಲ, ಸೊಪ್ಪು ಮಾರುವಾಕೆ. ಗೇಟಿನ ಹತ್ತಿರ ದಂಟಿನ ಸೊಪ್ಪಿಗೆ ಚೌಕಾಸಿ ಮಾಡುತ್ತಿದ್ದಾಗ ನನ್ನ ಮುಖ ನೋಡಿ, "ಏನ್ ಸ್ವಾಮಿ ಹಿಂಗ್ ಇಳ್ದೋಗಿದ್ದೀರಾ, ಮೇಷಾನಾ?" ಎಂದಳು. ಹೌದೆಂದೆ. ಲೊಚಗುಟ್ಟಿ ಒಂದು ಕಟ್ಟು ಕೊತ್ತಂಬರಿ ಕೊಸರು ಹಾಕಿದಳು. ಶನಿಯಿಂದ ನನಗೆ ಇದುವರೆಗೆ ಆಗಿರುವ ಲಾಭ ಅದೊಂದೇ.

ಶನಿ ಮಹಾತ್ಮ ಒಂದು ರಾಶಿಯಲ್ಲಿ ಎರಡೂವರೆ ವರ್ಷ ಕೂರುತ್ತಾನೆ. ನಮ್ಮ ರಾಶಿಯ ಹಿಂದಿನ ಮನೆ, ನಮ್ಮ ಮನೆ, ಮುಂದಿನ ಮನೆ, ಒಟ್ಟು ಏಳೂವರೆ ವರ್ಷ. ಅದೇ ಸಾಡೇಸಾತ್. ನಮ್ಮ ಮನೆ ಕ್ಯಾಲೆಂಡರಿನ ಪ್ರಕಾರ ಅವನು ಮೇಷದ ಹಿಂದಿನ ಮನೆಯಾದ ಮೀನಕ್ಕೆ ಬಂದದ್ದು 2025ರ ಮಾರ್ಚ್ 29ಕ್ಕೆ. ಹಳೇ ಲೆಕ್ಕದ ವಾಕ್ಯ ಪಂಚಾಂಗ ಅನುಸರಿಸುವ ತಿರುನಳ್ಳಾರಿನ ಶನೀಶ್ವರ ದೇವಸ್ಥಾನದವರು ಮಾತ್ರ ಇಲ್ಲ, 2026ಕ್ಕೆ ಎಂದರು. ಎರಡರ ನಡುವಿನ ಆ ಒಂದು ವರ್ಷ ನನ್ನ ಸ್ಕೂಟರ್ ಎರಡು ಸಲ ಪಂಚರ್ ಆಯಿತು, ಹಲ್ಲು ಒಂದು ಹೋಯಿತು. ಲೆಕ್ಕಕ್ಕೆ ಯಾರ ಖಾತೆಗೆ ಹಾಕುವುದೋ ತಿಳಿಯದೆ ಹಾಗೇ ಬಿಟ್ಟಿದ್ದೇನೆ.

ಅಮ್ಮ ಬಿಡಲಿಲ್ಲ. ಬೆಂಗಳೂರಿನ ಒಬ್ಬ ದೊಡ್ಡ ಜೋಯಿಸರ ಹತ್ತಿರ ನಂಬರ್ ಹಾಕಿಸಿದಳು. ನನ್ನ ಜಾತಕ ಸರಿಯಾಗಿ ತೋರಿಸಿಯೇ ಇಲ್ಲ ಎಂಬುದು ಅವಳ ಕೊರಗು. ಅದಕ್ಕೆ ಕಾರಣವೂ ಅವಳೇ. ನಾನು ಹುಟ್ಟಿದ ಹೊತ್ತು ಯಾರೂ ಗಡಿಯಾರ ನೋಡಿಲ್ಲ. ಅಜ್ಜಿ ಹೇಳಿದ್ದು "ಹಾಲಿನವನು ಬಂದು ಹೋದ ಮೇಲೆ" ಎಂದು. ಹಾಲಿನವನು ಬರುತ್ತಿದ್ದದ್ದು ಆರಕ್ಕೆ. ಆದರೆ ಅದು ಆಷಾಢದ ಮಳೆ, ಅವತ್ತು ಅವನು ತಡವಾಗಿ ಬಂದ ಎಂದು ಅಮ್ಮನಿಗೆ ನೆನಪು. ಆರು ಗಂಟೆ ಎಂದರೆ ಮಿಥುನ ಲಗ್ನ, ಎಂಟು ಎಂದರೆ ಕಟಕ. ಹೀಗಾಗಿ ನನ್ನ ಹತ್ತಿರ ಎರಡು ಜಾತಕಗಳಿವೆ. ಒಂದರಲ್ಲಿ ನಾನು ರಾಜಸನ್ಮಾನಿತ, ಇನ್ನೊಂದರಲ್ಲಿ ಸಮುದ್ರ ದಾಟುತ್ತೇನೆ. ವಾಸ್ತವದಲ್ಲಿ ದಿನಾ ಬೆಳಿಗ್ಗೆ ಮೈಸೂರಿನಿಂದ ಚಾಮರಾಜನಗರದ ರೈಲು ಹಿಡಿದು ಆಫೀಸಿಗೆ ಹೋಗುತ್ತೇನೆ.

ಚಾಮರಾಜನಗರದ ವಿಷಯ ನಿಮಗೆ ಗೊತ್ತಲ್ಲ. ಅಲ್ಲಿ ಕಾಲಿಟ್ಟ ಮುಖ್ಯಮಂತ್ರಿಯ ಅಧಿಕಾರ ಹೋಗುತ್ತದೆ ಎಂದು ಎಷ್ಟೋ ಜನ ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ನಾನು ವರ್ಷಕ್ಕೆ ಮುನ್ನೂರು ದಿನ ಕಾಲಿಡುತ್ತೇನೆ. ಹೋಗಲು ಅಧಿಕಾರ ಇರಬೇಕಷ್ಟೆ. ಸಿದ್ದರಾಮಯ್ಯನವರು ಹತ್ತಾರು ಸಲ ಹೋಗಿ ಬಂದರೂ 2018ರವರೆಗೆ ಐದು ವರ್ಷ ಪೂರಾ ಮುಗಿಸಿದರಲ್ಲ ಎಂದು ಒಮ್ಮೆ ಪಕ್ಕದ ಮನೆ ರಾಯರನ್ನು ಕೇಳಿದ್ದೆ. ರಾಯರು ರಿಟೈರಾದ ಮೇಷ್ಟರು, ಕೈಯಲ್ಲಿ ಪಂಚಾಂಗವಿಲ್ಲದೆ ಕ್ಷೌರಕ್ಕೂ ಹೋಗದವರು. "ಅವರ ಜಾತಕ ಗಟ್ಟಿ ಕಣ್ರೀ" ಎಂದರು. ಅಧಿಕಾರ ಹೋದರೆ ಊರಿನ ದೋಷ, ಉಳಿದರೆ ಜಾತಕದ ಬಲ. ಈ ಶಾಸ್ತ್ರದ ಜೊತೆ ಇಸ್ಪೀಟು ಆಡಿ ಗೆದ್ದವರಿಲ್ಲ.

ಇನ್ನು ಯಾವ ದಿನ ಹೊರಡುವುದು? ಸೋಮವಾರ, ಶನಿವಾರ ಪೂರ್ವಕ್ಕೆ ಶೂಲೆ, ಅಂದರೆ ಆ ದಿಕ್ಕಿಗೆ ಹೊರಡಬಾರದು. ಮಂಗಳವಾರ, ಬುಧವಾರ ಉತ್ತರಕ್ಕೆ. ಮೈಸೂರಿಗೆ ಬೆಂಗಳೂರು ಈಶಾನ್ಯ, ಅಂದರೆ ಎರಡರ ಪೆಟ್ಟೂ ತಾಗುತ್ತದೆ. ಭಾನುವಾರ ಜೋಯಿಸರಿಗೆ ರಜೆ. ಗುರುವಾರದ ನಂಬರು ತುಂಬಿಹೋಗಿತ್ತು. ಉಳಿದದ್ದು ಶುಕ್ರವಾರ. ರೈಲು 11.15ಕ್ಕೆ. ಮನೆಯಿಂದ 10.40ಕ್ಕಾದರೂ ಹೊರಡಬೇಕು. ಶುಕ್ರವಾರದ ರಾಹುಕಾಲ 10.30ರಿಂದ 12.

"ಅದಕ್ಕೇನಂತೆ, ಪರಸ್ತಾನ ಇಟ್ಟರಾಯ್ತು" ಎಂದಳು ಅಮ್ಮ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೊರಡುವ ಹೊತ್ತು ಸರಿ ಇಲ್ಲದಿದ್ದರೆ ಒಳ್ಳೆಯ ಮುಹೂರ್ತದಲ್ಲಿ ನಮ್ಮ ಚೀಲವನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರಬೇಕು. ಚೀಲ ಹೊರಟರೆ ಯಜಮಾನನೂ ಹೊರಟ ಹಾಗೆ. ಆಮೇಲೆ ಯಾವಾಗ ಬೇಕಾದರೂ ಹೋಗಿ ಚೀಲ ಎತ್ತಿಕೊಂಡು ನಡೆಯಬಹುದು. ನವಗ್ರಹಗಳಿಗೆ ಹೀಗೆ ಟೋಪಿ ಹಾಕುವ ಉಪಾಯವನ್ನು ಕಂಡುಹಿಡಿದ ಪುಣ್ಯಾತ್ಮ ಯಾರೋ ಸರ್ಕಾರಿ ನೌಕರಿಯಲ್ಲೇ ಇದ್ದಿರಬೇಕು. ನಾವೂ ಕುರ್ಚಿಗೆ ಕೋಟು ನೇತು ಹಾಕಿ ಕಾಫಿಗೆ ಹೋಗುವವರೇ.

ಬೆಳಿಗ್ಗೆ ಒಂಬತ್ತಕ್ಕೆ ರಾಯರ ಮನೆಯ ನಡುಮನೆಯಲ್ಲಿ ಚೀಲ ಇಟ್ಟು ಬಂದೆ. ಅದರಲ್ಲಿ ಎರಡೂ ಜಾತಕ, ಜೋಯಿಸರ ನಂಬರಿನ ಚೀಟಿ, ಟಿಕೆಟ್ಟು, ದಕ್ಷಿಣೆ ದುಡ್ಡು, ದಾರಿಗೆಂದು ಅಮ್ಮ ಪೇಪರಿನಲ್ಲಿ ಸುತ್ತಿಕೊಟ್ಟ ಕೋಡುಬಳೆ. ಹತ್ತೂವರೆಗೆ ಚಪ್ಪಲಿ ಮೆಟ್ಟಿ ಹೋಗಿ ನೋಡಿದರೆ ರಾಯರ ಬಾಗಿಲಿಗೆ ಅಂಗೈಯಗಲದ ಬೀಗ.

ಫೋನ್ ಮಾಡಿದೆ. ರಾಯರು ಪಾಸ್‌ಬುಕ್ ಎಂಟ್ರಿ ಮಾಡಿಸಲು ಬ್ಯಾಂಕಿಗೆ ಹೊರಟಿದ್ದರು. "ರಾಹುಕಾಲ ಬಂದುಬಿಡತ್ತಲ್ಲ, ಅದಕ್ಕೇ ಹತ್ತೂ ಇಪ್ಪತ್ತಕ್ಕೇ ಮನೆ ಬಿಟ್ಟೆ. ನಿಮ್ಮ ಚೀಲ ಇನ್ನೂ ಅಲ್ಲೇ ಇದೆಯಾ?"

ಈಗಲೇ ಬನ್ನಿ ಎಂದೆ. "ರಾಹುಕಾಲದಲ್ಲಿ ಮನೆ ಬೀಗ ತೆಗೆಯೋದೇ? ಹನ್ನೆರಡಕ್ಕೆ ಬರ್ತೀನಿ, ಸರ್ಕಲ್ ಹೋಟೆಲಿನಲ್ಲೇ ಕೂತಿರ್ತೀನಿ" ಎಂದರು. ನಾನೇ ಬಂದು ಕೀ ತೆಗೆದುಕೊಳ್ಳುತ್ತೇನೆ ಎಂದೆ. ಅಷ್ಟರಲ್ಲಿ ನಮ್ಮ ಗೇಟಿನಿಂದ ಅಮ್ಮನ ದನಿ: "ನೀನು ಬೆಂಗಳೂರಿಗೆ ಹೊರಟಿರೋದು ಸರಿ ಕಣೋ. ಹೋಟೆಲಿಗೆ ಹೊರಟಿಲ್ಲವಲ್ಲ. ಅದು ಬೇರೆ ಹೊರಡೋದು, ಅದಕ್ಕೆ ಪರಸ್ತಾನ ಇಟ್ಟಿಲ್ಲ."

ಸುಪ್ರೀಂ ಕೋರ್ಟಿನಲ್ಲೂ ನಿಲ್ಲುವ ವಾದ. ನಾನು ಎರಡು ಮನೆಗಳ ನಡುವಿನ ಮೋಟುಗೋಡೆಯ ಪಕ್ಕ ನಿಂತೆ. ಕಿಟಕಿಯ ಸರಳಿನಿಂದ ಚೀಲ ಕಾಣುತ್ತಿತ್ತು. ಆರಾಮವಾಗಿ ಸೋಫಾಗೆ ಒರಗಿಕೊಂಡು, ನನಗಿಂತ ಒಂದೂವರೆ ಗಂಟೆ ಮುಂಚೆಯೇ ಪ್ರಯಾಣ ಹೊರಟ ಗತ್ತಿನಲ್ಲಿ ಕೂತಿತ್ತು.

ಅಲ್ಲಿ ನಿಂತಾಗ ತಾತನ ಕಥೆ ನೆನಪಾಯಿತು. 1962ರ ಫೆಬ್ರವರಿ ಮೊದಲ ವಾರ ಮಕರ ರಾಶಿಯಲ್ಲಿ ಎಂಟು ಗ್ರಹಗಳು ಸೇರಿ ಅಷ್ಟಗ್ರಹ ಕೂಟವಾದಾಗ ಪ್ರಳಯವೇ ಆಗುತ್ತದೆ ಎಂದು ದೇಶದ ತುಂಬ ಹೋಮ, ಹವನ, ಅಖಂಡ ಭಜನೆ. ನಮ್ಮ ತಾತ ವ್ಯವಹಾರಸ್ಥ. ಹೇಗೂ ಮುಳುಗುವ ಲೋಕಕ್ಕೆ ಉಳಿಸಿ ಏನು ಮಾಡುವುದು ಎಂದು, ವರ್ಷಕ್ಕಾಗುವಷ್ಟು ಇದ್ದ ಮಾವಿನ ಮಿಡಿ ಉಪ್ಪಿನಕಾಯಿ ಜಾಡಿಯ ಬಾಯಿ ಬಿಚ್ಚಿಸಿದರು. ತುಪ್ಪದ ಗಡಿಗೆಯೂ ಇಳಿಯಿತು. ಮನೆಮಂದಿಯೆಲ್ಲ ಮೂರು ದಿನ ಪ್ರಳಯವನ್ನು ಎರಡು ಹೊತ್ತೂ ಉಂಡರು. ಆರನೇ ತಾರೀಖು ಬೆಳಗಾಯಿತು. ಹಾಲಿನವನೂ ಬಂದ. ಅಜ್ಜಿ ಆ ವರ್ಷವೆಲ್ಲ ಮೊಸರನ್ನಕ್ಕೆ ಬರೀ ಉಪ್ಪು ಬಡಿಸಿದಳಂತೆ, ತಾತನ ಎಲೆಗೆ ಅದೂ ಕಮ್ಮಿ.

ತಾತನಿಗೆ ಭವಿಷ್ಯ ತಿಳಿದೇ ತಾನೇ ಉಪ್ಪಿನಕಾಯಿ ಹೋದದ್ದು? ಮುಂದಾಗುವುದು ತಿಳಿದರೆ ಒಳ್ಳೆಯದೇ, ನಾನು ಬೇಡವೆನ್ನುವವನಲ್ಲ. ಆದರೆ ನನಗೆ ಬೇಕಾದದ್ದನ್ನು ಯಾವ ಜೋಯಿಸರೂ ಹೇಳುವುದಿಲ್ಲ. ಗ್ಯಾಸು ಇವತ್ತು ಮುಗಿಯುತ್ತದೋ ನಾಳೆಯೋ? ದೋಸೆಹಿಟ್ಟು ರುಬ್ಬಿ ಮುಗಿಯುವವರೆಗೆ ಕರೆಂಟು ಇರುತ್ತದೋ? ಕೇಳಿ ನೋಡಿ, "ಶನಿ ದ್ವಾದಶದಲ್ಲಿದ್ದಾನೆ, ವ್ಯಯ ಜಾಸ್ತಿ" ಎನ್ನುತ್ತಾರೆ. ತಿಂಗಳ ಇಪ್ಪತ್ತರ ಮೇಲೆ ಅದನ್ನು ನನ್ನ ಹೆಂಡತಿಯೂ ಹೇಳುತ್ತಾಳೆ. ಇನ್ನು ಶಾಂತಿ ಮಾಡಿಸಿದರೆ ಗಂಡಾಂತರ ತಪ್ಪುತ್ತದೆ ಎಂದಾದರೆ ಅದು ಭವಿಷ್ಯ ಹೇಗಾಯಿತು? ತಪ್ಪುವುದಿಲ್ಲ ಎಂದಾದರೆ ಎಳ್ಳೆಣ್ಣೆ ದಂಡ. ಇಷ್ಟೆಲ್ಲ ಮಾತಾಡುವ ನಾನು ಪೇಪರು ಬಂದ ಕೂಡಲೇ ಮೊದಲು ತೆಗೆಯುವುದು ರಾಶಿಫಲದ ಪುಟ ಎನ್ನುವುದೂ ನಿಜ. ನನ್ನದು ಚೆನ್ನಾಗಿಲ್ಲದಿದ್ದರೆ ಹೆಂಡತಿಯದನ್ನು ಓದಿ ಅದರಲ್ಲಿ ಅರ್ಧ ಪಾಲು ಇಟ್ಟುಕೊಳ್ಳುತ್ತೇನೆ.

ಅಷ್ಟರಲ್ಲಿ ನನಗೊಂದು ಉಪಾಯ ಹೊಳೆಯಿತು. ಹೊಳೆಯಬಾರದಿತ್ತು. ರಾಹುಕಾಲ ಎಂದರೆ ಹಗಲನ್ನು ಎಂಟು ಪಾಲು ಮಾಡಿದ್ದು, ಶುಕ್ರವಾರಕ್ಕೆ ನಾಲ್ಕನೆಯದು. ಕ್ಯಾಲೆಂಡರಿನವರು ಸೂರ್ಯ ಆರಕ್ಕೇ ಏಳುತ್ತಾನೆ ಎಂದು ಹಿಡಿದು ಲೆಕ್ಕ ಹಾಕುತ್ತಾರೆ. ಜನವರಿಯ ಮೈಸೂರಿನಲ್ಲಿ ಅವನು ಏಳುವುದು ಆರೂಮುಕ್ಕಾಲಿಗೆ. ಹಾಗಾದರೆ ನಿಜವಾದ ರಾಹುಕಾಲ ಹನ್ನೊಂದು ದಾಟಿದ ಮೇಲೆ! ಫೋನಿನಲ್ಲಿ ರಾಯರಿಗೆ ಗಣಿತ ಸಮೇತ ವಿವರಿಸಿದೆ. "ನೀವು ಹೇಳೋದು ಸರಿ, ಆದರೆ ನಮ್ಮನೇಲಿ ಕ್ಯಾಲೆಂಡರ್ ರಾಹು" ಎಂದು ಅವರು ಇನ್ನೊಂದು ಕಾಫಿ ಹೇಳಿದ್ದು ಕೇಳಿಸಿತು.

ರೈಲು ಹೋಯಿತು. ಹನ್ನೆರಡು ಹೊಡೆಯುತ್ತಲೇ ರಾಯರು ಬಂದು ಬೀಗ ತೆಗೆದರು. ಬಸ್ಸಿಗಾದರೂ ಹೋಗೋಣವೆಂದು ಚೀಲ ಹೆಗಲಿಗೇರಿಸಿದೆ. "ತಡಿ" ಎಂದಳು ಅಮ್ಮ. "ನಿಜವಾದ ರಾಹುಕಾಲ ಹನ್ನೆರಡೂವರೆವರೆಗೂ ಇರತ್ತೆ ಅಂತ ನೀನೇ ಲೆಕ್ಕ ಹಾಕಿದ್ಯಲ್ಲ. ಗೊತ್ತಿದ್ದೂ ಹೇಗೆ ಹೊರಡೋದು?"

ಚೀಲ ಇಳಿಸಿದೆ. ಹನ್ನೆರಡೂವರೆಗೆ ಹೊರಟರೆ ಜೋಯಿಸರು ಕರೆಯುವ ಹೊತ್ತಿಗೆ ಮುಟ್ಟುವ ಹಾಗಿರಲಿಲ್ಲ. ಫೋನ್ ಮಾಡಿದರೆ ಮುಂದಿನ ನಂಬರು ಒಂದೂವರೆ ತಿಂಗಳ ಮೇಲೆ ಎಂದರು. ಸರಿ, ರಾಯರ ಜಗಲಿಯಲ್ಲೇ ಮೂವರೂ ಕೂತು ಕೋಡುಬಳೆ ಪೊಟ್ಟಣ ಬಿಚ್ಚಿದೆವು. ಸುತ್ತಿದ್ದ ಪೇಪರು ಎಣ್ಣೆ ಹೀರಿ ಗಾಜಿನ ಹಾಗಾಗಿತ್ತು. ನೋಡಿದರೆ ಅದೇ ವಾರಭವಿಷ್ಯದ ಪುಟ. "ಮೇಷ: ದೂರ ಪ್ರಯಾಣದಿಂದ" ಎಂಬಷ್ಟು ಚೆನ್ನಾಗಿ ಕಾಣುತ್ತಿತ್ತು. ಮುಂದಿನ ಪದದ ಮೇಲೆ ಹಿಂದಿನ ಪುಟದ ಪ್ರೆಷರ್ ಕುಕ್ಕರ್ ಜಾಹೀರಾತು ಮೂಡಿಬಂದು ಎರಡೂ ಕಲಸಿಹೋಗಿದ್ದವು.

"ನಷ್ಟ ಅಂತಿರಬೇಕು" ಎಂದರು ರಾಯರು, ನನ್ನ ಕಡೆ ನೋಡದೆ.

ಅಮ್ಮ ಕನ್ನಡಕ ಏರಿಸಿ ಕಾಗದವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಲಾಭ ಅಂತಲೇ ಇದೆ" ಎಂದು ಮಡಿಸಿ ಜಾತಕದ ಜೊತೆಗಿಟ್ಟಳು. ಪೇಪರು ಕಳೆದ ದಸರಾ ಸಮಯದ್ದು. ತಾರೀಖನ್ನು ನಾನು ನೋಡಿದ್ದೆ, ಹೇಳಲಿಲ್ಲ.