ಡಬ್ಬಿಯೊಳಗೊಂದು ಬ್ಯಾಂಕ್ ಇತ್ತಂತೆ

ಬೀಡಾ ಅಂಗಡಿಯ ಭರಣಿಗಳ ನಡುವೆ ಕೂತು, ಹತ್ತು ರೂಪಾಯಿ ಬಂದರೂ ಇಡೀ ಬೀದಿಗೆ ಸಾರುವ ಪೇಟಿಎಂ ಡಬ್ಬಿ ನಿಮಗೆ ಗೊತ್ತು. ಅದರ ಹಿಂದೆ ಒಂದು ಬ್ಯಾಂಕೂ ಇತ್ತು ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಾಗಿದ್ದು 2024ರ ಜನವರಿ 31ರಂದು, ರಿಸರ್ವ್ ಬ್ಯಾಂಕ್ ಅದಕ್ಕೆ ಬೀಗ ತೋರಿಸಿದ ಮೇಲೆ. ವೈಕುಂಠ ಸಮಾರಾಧನೆಯ ಕಾರ್ಡು ಕೈಗೆ ಬಂದಾಗ 'ಓ, ಇಂಥ ಒಬ್ಬ ದೊಡ್ಡಪ್ಪ ಇದ್ದರಾ' ಅನ್ನುತ್ತೇವಲ್ಲ, ಹಾಗಾಯಿತು.

ಆಮೇಲೆ ಶುರುವಾಯಿತು ನೋಡಿ ಒಂದೇ ಮಂತ್ರ: ಪೇಟಿಎಂ ಬೇರೆ, ಪೇಟಿಎಂ ಪೇಮೆಂಟ್ಸ್ ಬ್ಯಾಂಕ್ ಬೇರೆ. ಬ್ಯಾಂಕಿನಲ್ಲಿ ಶೇ. 51 ಪಾಲು ಸ್ಥಾಪಕ ವಿಜಯ್ ಶೇಖರ್ ಶರ್ಮಾ ಅವರದು, ಉಳಿದ ಶೇ. 49 ಅವರೇ ಕಟ್ಟಿದ ಒನ್ 97 ಕಮ್ಯುನಿಕೇಶನ್ಸ್ ಕಂಪನಿಯದು. ಹಬ್ಬದ ದಿನ ಒಂದೇ ಮನೆ, ಅಮೀನ ಬಂದ ದಿನ ಬೇರೆ ಬೇರೆ ಒಲೆ.

ಈ ಪೇಮೆಂಟ್ಸ್ ಬ್ಯಾಂಕ್ ಅನ್ನೋ ತಳಿಯೇ ವಿಚಿತ್ರ. 2015ರಲ್ಲಿ ರಿಸರ್ವ್ ಬ್ಯಾಂಕ್ 11 ಮಂದಿಗೆ ತಾತ್ವಿಕ ಒಪ್ಪಿಗೆ ಕೊಟ್ಟಿತು. ಒಬ್ಬ ಗ್ರಾಹಕನಿಂದ ಒಂದು ಲಕ್ಷದವರೆಗೆ ಠೇವಣಿ ತಗೋಬಹುದು. ಮುಂದೆ ಅದು ಎರಡು ಲಕ್ಷ ಆಯಿತು. ಆದರೆ ಸಾಲ ಮಾತ್ರ ಕೊಡುವಂತಿಲ್ಲ. ಒಲೆ ಹಚ್ಚಬಾರದು ಅನ್ನೋ ಷರತ್ತಿನ ಮೇಲೆ ಹೋಟೆಲ್ ಲೈಸೆನ್ಸ್ ಕೊಟ್ಟ ಹಾಗೆ. ಕೂತು ಲೆಕ್ಕ ಹಾಕಿದ ಮೂವರು ಮರುವರ್ಷವೇ 'ಬೇಡ ಸ್ವಾಮಿ' ಎಂದು ಒಪ್ಪಿಗೆಯನ್ನು ವಾಪಸ್ ಕೊಟ್ಟರು. ಶರ್ಮಾ ಅವರು ಕೊಡಲಿಲ್ಲ.

ಅಷ್ಟರಲ್ಲಿ ಕಾಲವೂ ಕೂಡಿ ಬಂತು. 2016ರ ನವೆಂಬರ್ 8ರ ರಾತ್ರಿ ನೋಟು ಹೋಯಿತು. ನಾವು ಎಟಿಎಂ ಮುಂದೆ ಸಾಲು ಹಚ್ಚುವ ಹೊತ್ತಿಗೆ ಪತ್ರಿಕೆಯ ಮುಖಪುಟದಲ್ಲಿ ಪೇಟಿಎಂ ಜಾಹೀರಾತು, ಅದರಲ್ಲಿ ಪ್ರಧಾನಿಯವರ ಫೋಟೋ, ಅಭಿನಂದನೆ. ಕೇಳದೆ ಫೋಟೋ ಹಾಕಿಕೊಂಡಿದ್ದಕ್ಕೆ ಕಂಪನಿ ಆಮೇಲೆ ಕ್ಷಮೆ ಕೇಳಿತು. ಕೇಳಲಿ ಬಿಡಿ, ಆಗಬೇಕಾದ ಪ್ರಚಾರ ಆಗಿತ್ತು. 2017ರ ಮೇ ತಿಂಗಳಲ್ಲಿ ಬ್ಯಾಂಕ್ ಶುರುವಾಯಿತು.

ರಿಸರ್ವ್ ಬ್ಯಾಂಕ್ ಎಂಬ ಮೇಷ್ಟ್ರು ಗದರಲು ಒಂದು ವರ್ಷ ಸಾಕಾಯಿತು. 2018ರ ಜೂನ್‌ನಲ್ಲಿ, ಹೊಸ ಗ್ರಾಹಕರನ್ನು ಸೇರಿಸಬೇಡ ಅಂದರು. ವರ್ಷದ ಕೊನೆಗೆ ಪಾಪ ಅಂತ ಕ್ಲಾಸಿನೊಳಗೆ ಬಿಟ್ಟುಕೊಂಡರು. 2021ರ ಅಕ್ಟೋಬರ್‌ನಲ್ಲಿ, ಅರ್ಜಿಯಲ್ಲಿ ನಿಜವಲ್ಲದ ಮಾಹಿತಿ ಕೊಟ್ಟಿದ್ದಕ್ಕೆ 1 ಕೋಟಿ ದಂಡ. ಮರುತಿಂಗಳೇ ಮನೆಯವರು, ಅಂದರೆ ಒನ್ 97 ಕಂಪನಿಯವರು, ಊರಿಗೆಲ್ಲ ಊಟ ಹಾಕಿಸಿದರು: 18,300 ಕೋಟಿ ರೂಪಾಯಿಯ ಐಪಿಒ, ಅಂದರೆ ಮೊದಲ ಷೇರು ಮಾರಾಟ, ಅಲ್ಲಿಯವರೆಗೆ ದೇಶದಲ್ಲೇ ದೊಡ್ಡದು. ಷೇರಿಗೆ 2,150 ರೂಪಾಯಿ. ಬೆಳಿಗ್ಗೆ ಸಮಾರಂಭದಲ್ಲಿ ಸ್ಥಾಪಕರ ಕಣ್ಣು ಒದ್ದೆಯಾಯಿತು. ಷೇರು ಮೊದಲ ದಿನವೇ ಶೇ. 27 ಬಿತ್ತು, ಸಂಜೆ ಕರವಸ್ತ್ರದ ಸರದಿ ಷೇರು ಕೊಂಡವರದು. 2022ರ ಮಾರ್ಚ್‌ನಲ್ಲಿ ಮತ್ತೆ ಹೊಸ ಗ್ರಾಹಕರು ಬೇಡ, ಮೊದಲು ನಿನ್ನ ಕಂಪ್ಯೂಟರ್ ವ್ಯವಸ್ಥೆಯನ್ನು ಆಡಿಟ್ ಮಾಡಿಸು ಅಂದರು. 2023ರ ಅಕ್ಟೋಬರ್‌ನಲ್ಲಿ 5.39 ಕೋಟಿ ದಂಡ. ಅದರ ಕಾರಣಗಳಲ್ಲಿ ಕೆವೈಸಿಯೂ ಒಂದು.

ಕೆವೈಸಿ ಅಂದರೆ ನಿಮ್ಮ ಗ್ರಾಹಕರು ಯಾರು ಅಂತ ತಿಳಿದುಕೊಳ್ಳಿ ಅಂತ. ಇದರ ಬಿಸಿ ನನಗೆ ಗೊತ್ತು. ನಮ್ಮ ಅಮ್ಮ ಮೂವತ್ತು ವರ್ಷದಿಂದ ಖಾತೆ ಇಟ್ಟಿರುವ ಒಂದು ಬ್ಯಾಂಕಿನಲ್ಲಿ, ಪಾಸ್‌ಬುಕ್‌ನಲ್ಲಿ ಇನಿಷಿಯಲ್ ಮುಂದಿದೆ, ಆಧಾರ್‌ನಲ್ಲಿ ಹಿಂದಿದೆ, ಆದ್ದರಿಂದ ನೀವು ನೀವಲ್ಲ ಎಂದರು. ಬೆರಳು ಇಟ್ಟರೆ ಮೆಷಿನ್ ಒಪ್ಪಲಿಲ್ಲ. ಜೀವನವಿಡೀ ಪಾತ್ರೆ ಉಜ್ಜಿದ ಬೆರಳಲ್ಲಿ ಗೆರೆ ಎಲ್ಲಿಂದ ಬರಬೇಕು? ಕೌಂಟರಿನ ಹುಡುಗನೋ, ಎದುರು ಕೂತಿದ್ದ ಅಮ್ಮನನ್ನೇ 'ಅಮ್ಮ, ಗ್ರಾಹಕರನ್ನ ಕರ್ಕೊಂಡು ಬನ್ನಿ' ಅಂದ.

ಇತ್ತ ಪೇಟಿಎಂ ಬ್ಯಾಂಕಿನಲ್ಲಿ ಒಂದೇ ಪ್ಯಾನ್ ನಂಬರಿಗೆ ಸಾವಿರಕ್ಕೂ ಹೆಚ್ಚು ಗ್ರಾಹಕರು ಜೋತುಬಿದ್ದ ಉದಾಹರಣೆಗಳಿದ್ದವು ಎಂದು ಸುದ್ದಿಸಂಸ್ಥೆಗಳು ವರದಿ ಮಾಡಿದವು. ಎಂಥ ಕೂಡು ಕುಟುಂಬ! ರೇಷನ್ ಕಾರ್ಡಿಗೆ ಸೊಸೆಯ ಹೆಸರು ಸೇರಿಸಲು ಆರು ಸಲ ಅಲೆಯುವವರು ಇವರ ಕಾಲಿಗೆ ಬೀಳಬೇಕು. 2024ರ ಫೆಬ್ರವರಿಯಲ್ಲಿ ಕೇಂದ್ರದ ಹಣಕಾಸು ಗುಪ್ತಚರ ಘಟಕವೂ ಬಂದು 5.49 ಕೋಟಿ ದಂಡ ಹಾಕಿತು. ಆನ್‌ಲೈನ್ ಜೂಜು ನಡೆಸುತ್ತಿದ್ದವರ ದುಡ್ಡು ಈ ಬ್ಯಾಂಕಿನ ಖಾತೆಗಳ ಮೂಲಕ ಓಡಾಡಿತ್ತಂತೆ. ಜೂಜಿನವರ ಇನಿಷಿಯಲ್ ಸರಿಯಾಗಿತ್ತೋ ಏನೋ.

ಇನ್ನು ರಿಸರ್ವ್ ಬ್ಯಾಂಕಿನ ಶಿಕ್ಷೆಯ ಸೊಗಸು ನೋಡಿ. ಆ ಜನವರಿ 31ರಂದು ಲೈಸೆನ್ಸ್ ಕಿತ್ತುಕೊಳ್ಳಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಫೆಬ್ರವರಿ 29ರ ನಂತರ ಖಾತೆ, ವಾಲೆಟ್, ಫಾಸ್ಟ್ಯಾಗ್ ಯಾವುದಕ್ಕೂ ದುಡ್ಡು ಹಾಕಿಸಿಕೊಳ್ಳಬೇಡ ಎಂದಿತು, ಅಷ್ಟೇ. ಸಾಲ ಕೊಡುವಂತೆ ಮೊದಲೇ ಇರಲಿಲ್ಲ. ಈಗ ದುಡ್ಡು ತಗೊಳ್ಳುವಂತೆಯೂ ಇಲ್ಲ. ಉಳಿದಿದ್ದು ಬೋರ್ಡು. ಬ್ಯಾಂಕ್ ಇದ್ದದ್ದೇ ಫೋನಿನೊಳಗೆ, ಬೋರ್ಡನ್ನು ಎಲ್ಲಿ ನೇತುಹಾಕೋದು? ನಾಲ್ಕು ವರ್ಷಕ್ಕೊಮ್ಮೆ ಬರುವ ದಿನವನ್ನೇ ಗಡುವು ಮಾಡಿದ್ದು ಸಾಲದೇನೋ ಅಂತ ಅದನ್ನು ಮಾರ್ಚ್ 15ಕ್ಕೆ ತಳ್ಳಿದರು.

ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ನಿರ್ಬಂಧ ಬಿದ್ದು, 35,000 ರೂಪಾಯಿಗಿಂತ ಜಾಸ್ತಿ ತೆಗೆಯುವಂತಿಲ್ಲ ಎಂದಾಗ, ಠೇವಣಿ ಇಟ್ಟವರಿಗೆ ಹೋಗಿ ನಿಲ್ಲಲು ಒಂದು ಬಾಗಿಲಾದರೂ ಇತ್ತು. ನ್ಯಾಯವಾಗಿ ಹೇಳಬೇಕು, ಪೇಟಿಎಂ ಬ್ಯಾಂಕಿನಲ್ಲಿ ಇದ್ದ ದುಡ್ಡು ತೆಗೆಯಲು ಅಡ್ಡಿ ಇರಲಿಲ್ಲ. ಆದರೆ ಜಗಳ ಆಡೋಕೆ ಒಂದು ಮುಖ ಬೇಕಲ್ವಾ? ಡಬ್ಬಿಯ ಹತ್ತಿರ ಜಗಳ ಆಡಿದರೆ ಅದು ಹೇಳೋದು ಒಂದೇ, ಯಾರೋ ಹತ್ತು ರೂಪಾಯಿ ಹಾಕಿದರು ಅಂತ.

ಫೆಬ್ರವರಿ 26ರಂದು ಶರ್ಮಾ ಅವರು ಬ್ಯಾಂಕಿನ ಅಧ್ಯಕ್ಷ ಸ್ಥಾನದಿಂದ ಇಳಿದರು. ಗಡುವಿಗೆ ಒಂದೇ ದಿನ ಉಳಿದಿರುವಾಗ, ಆ್ಯಪ್ ನಾಲ್ಕು ಬೇರೆ ಬ್ಯಾಂಕುಗಳ ಹೆಗಲೇರಿ ಯುಪಿಐ ನಡೆಸಬಹುದು ಎಂದು, ಯುಪಿಐ ನೋಡಿಕೊಳ್ಳುವ ಸಂಸ್ಥೆ ಎನ್‌ಪಿಸಿಐ ಒಪ್ಪಿತು. ಹಾಗಾಗಿ ಖಾತೆಯನ್ನು ಬೇರೆ ಕಡೆ ಕಟ್ಟಿಕೊಂಡ ಅಂಗಡಿಗಳಲ್ಲಿ ಡಬ್ಬಿ ಎಂದಿನಂತೆ ಕೂಗಿತು. ಅದೇ ಬಣ್ಣ, ಅದೇ ಸ್ಟಿಕ್ಕರ್.

'ಈಗ ಇದು ಯಾವ ಬ್ಯಾಂಕ್ ಅಣ್ಣ?' ಅಂತ ಬೀಡಾ ಅಂಗಡಿಯವರನ್ನು ಕೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಅಂದರು, 'ಮೊದಲು ಯಾವುದಿತ್ತು ಸಾರ್?'