ಸತ್ಯಾಂಶ: ಮೊಲಕ್ಕೆ ನಾಯಿಯ ಬಾಚಣಿಗೆ ಬೇಡ

“ಮೊಲದ ಕೂದಲು ಉದುರುತ್ತಿದ್ದರೆ ನಾಯಿಗೆ ಬಳಸುವ ಬ್ಲೇಡ್ ಬಾಚಣಿಗೆಯಲ್ಲಿ ಚೆನ್ನಾಗಿ ಕೆರೆದು ಸ್ನಾನ ಮಾಡಿಸಿ” ಅನ್ನೋ ಮೆಸೇಜ್ ಓಡಾಡುತ್ತಿದೆ. ದಯವಿಟ್ಟು ಹಾಗೆ ಮಾಡಬೇಡಿ. ಮೊಲದ ಚರ್ಮ ತುಂಬಾ ತೆಳು, ಲೋಹದ ಹಲ್ಲು ಒತ್ತಿ ಎಳೆದರೆ ಸೀಳಿಯೇ ಹೋಗಬಹುದು. ಸ್ನಾನವೂ ಬೇಡ, ಗಾಬರಿಯಾಗಿ ಮೈ ತಣ್ಣಗಾದರೆ ಜೀವಕ್ಕೇ ಅಪಾಯ.

ಮೆತ್ತನೆ ರಬ್ಬರ್ ಬ್ರಷ್ ಸಾಕು, ಕೂದಲು ಬೆಳೆದ ದಿಕ್ಕಿನಲ್ಲೇ ಹಗುರವಾಗಿ ಎಳೆಯಿರಿ. ಸೊಂಟದ ಹತ್ತಿರ ಗೊಂಚಲಾಗಿ ಎದ್ದ ಕೂದಲನ್ನು ಸ್ವಲ್ಪ ಒದ್ದೆ ಮಾಡಿದ ಅಂಗೈಯಿಂದ ಸವರಿದರೂ ಕೈಗೆ ಅಂಟಿಕೊಂಡು ಬರುತ್ತದೆ. ಉದ್ದ ಕೂದಲಿನ ತಳಿಗೆ ಅಗಲ ಹಲ್ಲಿನ ಬಾಚಣಿಗೆಯೂ ಬೇಕು.

ಮೊಲಕ್ಕೆ ವಾಂತಿ ಮಾಡಲು ಆಗುವುದಿಲ್ಲ. ನೆಕ್ಕಿ ನುಂಗಿದ ಕೂದಲೆಲ್ಲ ಕರುಳಿನ ಮೂಲಕವೇ ಹೊರಗೆ ಹೋಗಬೇಕು ಅಲ್ವಾ, ಅದಕ್ಕೇ ಉದುರುವ ಕಾಲದಲ್ಲಿ ದಿನಾ ಬಾಚಿ, ಒಣಹುಲ್ಲು ಜಾಸ್ತಿ ಕೊಡಿ. ತಿನ್ನುವುದೋ ಹಿಕ್ಕೆ ಹಾಕುವುದೋ ನಿಂತರೆ ಕಾಯಬೇಡಿ, ಕೂಡಲೇ ಪಶುವೈದ್ಯರಿಗೆ ತೋರಿಸಿ.