ಮೊದಲು ಕಲ್ಲಿದ್ದಲು ನಿಲ್ಲಲಿ

ನಾನಿರುವ ಸ್ಟುಟ್‌ಗಾರ್ಟ್‌ನಿಂದ ನೆಕರ್ ನದಿಯ ಗುಂಟ ಉತ್ತರಕ್ಕೆ ಹೋದರೆ ನೆಕರ್‌ವೆಸ್ಟ್‌ಹೈಮ್ ಸಿಗುತ್ತದೆ. ಅಲ್ಲಿನ ಅಣು ವಿದ್ಯುತ್ ಸ್ಥಾವರ 2023ರ ಏಪ್ರಿಲ್ 15ರ ರಾತ್ರಿ ನಿಂತಿತು. ಅದೇ ದಿನ ಇನ್ನೆರಡು ನಿಂತವು. ಜರ್ಮನಿಯಲ್ಲಿ ಉಳಿದಿದ್ದೇ ಆ ಮೂರು.

ನಮ್ಮ ಮೇಲಿನ ಮನೆಯ ಅಜ್ಜಿಗೆ ಅವತ್ತು ದೊಡ್ಡ ಸಮಾಧಾನ. 1986ರಲ್ಲಿ ಚೆರ್ನೋಬಿಲ್ ಅಣು ಸ್ಥಾವರ ಸಿಡಿದಾಗ ಅವರ ಮಕ್ಕಳಿನ್ನೂ ಚಿಕ್ಕವರು. ಮಕ್ಕಳನ್ನು ಮರಳಲ್ಲಿ ಆಡಲು ಬಿಡಬೇಡಿ, ತೋಟದ ಸೊಪ್ಪು ತಿನ್ನಬೇಡಿ ಎನ್ನುತ್ತಿದ್ದ ದಿನಗಳವು. ಆ ಭಯ ಸುಮ್ನೆ ಹುಟ್ಟಿದ್ದಲ್ಲ.

ಆದರೆ ಸ್ಥಾವರ ನಿಂತ 2023ರದ್ದೇ ಜನವರಿಯಲ್ಲಿ ಇನ್ನೊಂದು ನಡೆಯಿತು. ಕಂದು ಕಲ್ಲಿದ್ದಲಿನ ಗಣಿಗಾಗಿ ಲ್ಯುಟ್ಸೆರಾಟ್ ಎಂಬ ಹಳ್ಳಿಯಲ್ಲಿ ಉಳಿದಿದ್ದ ಮನೆಗಳನ್ನು ಕೆಡವಿದರು. ಅಡ್ಡ ಕೂತಿದ್ದ ಹುಡುಗ ಹುಡುಗಿಯರನ್ನು ಪೊಲೀಸರು ಎತ್ತಿ ಒಯ್ದರು. ನನಗೆ ನೋವಾಗುವುದು ಇಲ್ಲೇ. ಕಟ್ಟುವುದು, ಗಣಿ, ಇಂಧನ ಎಲ್ಲ ಸೇರಿಸಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2014ರಲ್ಲಿ ಲೆಕ್ಕ ಕೊಟ್ಟಿತ್ತು: ಒಂದು ಯೂನಿಟ್ ವಿದ್ಯುತ್ತಿಗೆ ಕಲ್ಲಿದ್ದಲಿನಿಂದ ಸುಮಾರು 820 ಗ್ರಾಂ ಇಂಗಾಲದ ಹೊಗೆ, ಅಣುವಿನಿಂದ 12 ಗ್ರಾಂ. ಹನ್ನೆರಡರದ್ದನ್ನು ಮೊದಲು ಮುಚ್ಚಿ, ಎಂಟುನೂರರದ್ದಕ್ಕೆ 2038ರವರೆಗೆ ಗಡುವು ಕೊಟ್ಟರೆ ಹೇಗೆ?

ಗಾಳಿ, ಬಿಸಿಲಿನಲ್ಲಿ ಜರ್ಮನಿ ಮಾಡಿದ್ದು ದೊಡ್ಡ ಕೆಲಸ. ಇವತ್ತು ಅರ್ಧಕ್ಕಿಂತ ಜಾಸ್ತಿ ವಿದ್ಯುತ್ ಗಾಳಿ, ಬಿಸಿಲು, ನೀರಿನಂಥ ಮೂಲಗಳದ್ದೇ. ಆದರೆ ಚಳಿಗಾಲದಲ್ಲಿ ಬಿಸಿಲೂ ಇಲ್ಲದ, ಗಾಳಿಯೂ ಬೀಸದ ದಿನಗಳಿರುತ್ತವೆ. ಅದಕ್ಕೆ ಇಲ್ಲಿನವರು 'ಡುಂಕೆಲ್‌ಫ್ಲೌಟೆ' ಅನ್ನುತ್ತಾರೆ. ಆಗ ಕಲ್ಲಿದ್ದಲು, ಗ್ಯಾಸ್ ಉರಿಯುತ್ತದೆ.

ರೈನ್ ನದಿ ದಾಟಿದರೆ ಫ್ರಾನ್ಸ್. ತೈಲದ ಬೆಲೆ ಏರಿದ್ದಕ್ಕೆ 1974ರಲ್ಲಿ ಅವರು ಅಣುವಿನ ದಾರಿ ಹಿಡಿದರು. ಈಗ ಮೂರರಲ್ಲಿ ಎರಡು ಪಾಲು ವಿದ್ಯುತ್ ಅದರದ್ದೇ. ಅಲ್ಲೂ ತೊಂದರೆ ಇಲ್ಲದಿಲ್ಲ. ಫ್ಲಮನ್‌ವಿಲ್‌ನಲ್ಲಿ 2007ರಲ್ಲಿ ಶುರು ಮಾಡಿದ ಹೊಸ ಸ್ಥಾವರ ಗ್ರಿಡ್ಡಿಗೆ ಸೇರಿದ್ದು 2024ರ ಡಿಸೆಂಬರ್‌ನಲ್ಲಿ. ಹೊಸದು ಕಟ್ಟುವುದು ಇಷ್ಟು ಕಷ್ಟ ಅಂದಮೇಲೆ, ಚೆನ್ನಾಗಿ ಓಡುತ್ತಿರುವುದನ್ನು ಉಳಿಸಿಕೊಳ್ಳಬೇಕು ಅಲ್ವಾ?

ನಾನು ಕಾರವಾರ ತಾಲ್ಲೂಕಿನವನು. ನಮ್ಮ ಕೈಗಾದ ಮೊದಲ ಘಟಕ ಮೂರು ಮಳೆಗಾಲ ದಾಟಿ, 962 ದಿನ ನಿಲ್ಲದೆ ಓಡಿ, 2018ರ ಕೊನೆಯಲ್ಲಿ ವಿಶ್ವದಾಖಲೆ ಮಾಡಿತ್ತು. ಅದಕ್ಕೆ ನನಗೆ ಹೆಮ್ಮೆಯಿದೆ. ಅಲ್ಲಿ ಇನ್ನೂ ಎರಡು ಘಟಕ ಬರಲಿವೆ. ಕಾಳಿ ಕೊಳ್ಳದ ಜನ ಈಗಾಗಲೇ ಅಣೆಕಟ್ಟುಗಳಿಗೆ, ಸ್ಥಾವರಕ್ಕೆ ನೆಲ ಬಿಟ್ಟುಕೊಟ್ಟವರು. ಅವರನ್ನು ಕೂರಿಸಿಕೊಂಡು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೇ ಮುಂದೆ ಹೋಗಬೇಕು. ಆ ವಿದ್ಯುತ್ ಬಂದಾಗ ರಾಯಚೂರಿನಲ್ಲಿ ಅಷ್ಟು ಕಲ್ಲಿದ್ದಲು ಉರಿಯುವುದು ನಿಲ್ಲುತ್ತದೆ ಎಂಬ ಮಾತನ್ನು ಸರ್ಕಾರ ಬರೆದು ಕೊಡಲಿ.